ದೇವರು ಬರದ ಸಿನಿಮಾ

ಬಸ್ಸು ಬಾರದೆ ಇರಬಹುದಿತ್ತು. ಬಂದರೂ ಯಶವಂತಪುರ ತಲುಪುವಷ್ಟರಲ್ಲಿ ಮ್ಯಾಟಿನಿ ಶುರುವಾಗಿಬಿಡಬಹುದಿತ್ತು. ಟಿಕೆಟ್ ಸಿಗದಿರಬಹುದಿತ್ತು, ಕರೆಂಟು ಹೋಗಬಹುದಿತ್ತು, ನಂಟರು ಯಾರಾದರೂ ಎದುರಾಗಿ, ಗಂಡ ಸತ್ತ ಮಗಳನ್ನೂ ಸಿನಿಮಾಕ್ಕೆ ಕರಕೊಂಡು ಬಂದಿರಾ ಎಂದು ಅಮ್ಮನನ್ನು ಕೇಳಬಹುದಿತ್ತು. ಅಮ್ಮ ಅರ್ಧಕ್ಕೇ ಎದ್ದು ನಡೆಯಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಯಾಕೆ ಕರೆತಂದೆ ಎಂಬುದು ಅವಳಿಗೆ ಗೊತ್ತಾಗಿಬಿಡಬಹುದಿತ್ತು. ನಲವತ್ತು ದಾಟಿದ ಗಂಡಸು ನಾನು. ಬಸ್‌ಸ್ಟಾಪಿನಲ್ಲಿ ನಿಂತು ಇದನ್ನೆಲ್ಲ ಬೆರಳಲ್ಲಿ ಎಣಿಸುತ್ತಿದ್ದೆ.

ಸಂಗತಿ ಇಷ್ಟು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಫಿಟ್ಟರ್ ಒಬ್ಬರು, ವಿಧವೆಯಾಗಿ ನಮ್ಮ ಮನೆಗೆ ಮರಳಿದ್ದ ನನ್ನ ಕಿರಿಯ ತಂಗಿಯನ್ನು ಮದುವೆಯಾಗುತ್ತೇನೆಂದು ಕೇಳಿದ್ದರು. ತಂಗಿಗೆ ಒಪ್ಪಿಗೆಯಿತ್ತು. ಅಮ್ಮನ ಹತ್ತಿರ ಮಾತೆತ್ತುವ ಕೆಲಸ ನನ್ನದು. ಮೂರು ತಿಂಗಳು ದಿನಾ ನಾಳೆ ಹೇಳುತ್ತೇನೆ ಎಂದುಕೊಂಡು, ಕೊನೆಗೆ ಆ ಕೆಲಸವನ್ನು ಸಿನಿಮಾಕ್ಕೆ ವಹಿಸಿದೆ. ಆಗ ಬಂದಿದ್ದ ಒಂದು ಚಿತ್ರದಲ್ಲಿ ಹಿರಿಯರೇ ನಿಂತು ವಿಧವೆಗೆ ಮದುವೆ ಮಾಡಿಸುತ್ತಾರೆ ಎಂದು ಕ್ಯಾಂಟೀನಿನಲ್ಲಿ ಯಾರೋ ಹೇಳಿದ್ದರು.

ಈ ಧೈರ್ಯಕ್ಕೂ ಕಾರಣವಿತ್ತು. ಐವತ್ತರ ದಶಕದಲ್ಲಿ ಯಲಹಂಕದ ಟೆಂಟ್ ಸಿನಿಮಾಕ್ಕೆ ಅಮ್ಮ ತಲೆಗೆ ಸ್ನಾನ ಮಾಡಿಯೇ ಹೊರಡುತ್ತಿದ್ದಳು. ಪರದೆಯ ಮೇಲೆ ಗುಡುಗು ಸಿಡಿಲಿನ ಜೊತೆ ದೇವರು ಪ್ರತ್ಯಕ್ಷನಾದರೆ ಮರಳಲ್ಲಿ ಕೂತವರು ಕರ್ಪೂರ ಹಚ್ಚುತ್ತಿದ್ದರು. ಒಮ್ಮೆ ಯಾವುದೋ ಚಿತ್ರದ ಋಷಿ ಹೇಳಿದನೆಂದು ಅಮ್ಮ ಹನ್ನೊಂದು ದಿನ ಈರುಳ್ಳಿ ಬಿಟ್ಟಳು. ಅವಳ ಜೊತೆ ನಾವೂ ಬಿಟ್ಟೆವು. ಅಷ್ಟು ಕೇಳಿದವಳು ಇದನ್ನೂ ಕೇಳುತ್ತಾಳೆ ಎಂದು ನಂಬಿದ್ದೆ.

ಹತ್ತು ವರ್ಷದಲ್ಲಿ ಸಿನಿಮಾದ ದನಿಯೇ ತಗ್ಗಿಹೋಗಿದೆ ಎಂಬುದು ನನಗೆ ಹೊಳೆದಿರಲಿಲ್ಲ. ಶಾಪವಿಲ್ಲ, ವರವಿಲ್ಲ. ಬಾಡಿಗೆ ಮನೆ, ಸೀಮೆಎಣ್ಣೆ ಸ್ಟೌ, ಆಫೀಸಿನಿಂದ ದಣಿದು ಬರುವ ಗಂಡಸು, ಅಡುಗೆಮನೆಯಲ್ಲಿ ಸದ್ದಿಲ್ಲದೆ ಅಳುವ ಹೆಂಗಸು. ಅಮ್ಮ ಇಂಟರ್ವಲ್ ತನಕ ಕಾದಳು.

"ದೇವ್ರು ಯಾವಾಗ ಬರ್ತಾನೋ?"

"ಈಗಿನದ್ರಲ್ಲಿ ಬರಲ್ಲಮ್ಮ."

"ಮತ್ತೆ ಈ ಹುಡುಗಿ ಕಷ್ಟ ನೋಡೋರ್ಯಾರು?"

ಬಾಯಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಕಡಲೆಕಾಯಿ ತರಲು ಎದ್ದುಹೋದೆ.

ಇಂಟರ್ವಲ್ ಆದಮೇಲೆ ಪರದೆಯ ಮೇಲಿನ ಅತ್ತೆ ವಿಧವೆ ಸೊಸೆಯ ಕೈಹಿಡಿದು, ಇನ್ನೊಂದು ಮದುವೆ ಮಾಡಿಕೋ ಎಂದು ಮೆಲ್ಲಗೆ ಹೇಳುವ ದೃಶ್ಯ ಬಂತು. ನಾನು ಓರೆಗಣ್ಣಿನಿಂದ ಅಮ್ಮನನ್ನು ನೋಡಿದೆ. ಅವಳ ತಲೆ ತಂಗಿಯ ಭುಜಕ್ಕೆ ವಾಲಿತ್ತು, ಸಣ್ಣಗೆ ಗೊರಕೆ. ಎಬ್ಬಿಸಲು ಕೈ ಚಾಚಿದೆ. ತಂಗಿ ತಡೆದಳು.

"ಮಲಗ್ಲಿ ಬಿಡಣ್ಣ. ನಿನಗೂ ಬಾಯಿತ್ತಲ್ಲ, ಹೇಳ್ಬೋದಿತ್ತು."

ಹೆದರಿದ್ದು ಯಾವುದೂ ಆಗಲಿಲ್ಲ. ಅಮ್ಮನಿಗೆ ನಿದ್ದೆ ಬಂತು, ಅಷ್ಟೇ. ತಂಗಿ ಭುಜ ಅಲುಗಿಸದೆ ಪರದೆಯ ಮೇಲಿನ ಮದುವೆಯನ್ನು ಕೊನೆಯವರೆಗೂ ನೋಡಿದಳು.