ಮಾಲೆ ತೆಗೆಯದ ಭಕ್ತ

"ಅವಳಪ್ಪ ಬಂದ್ನಲಾ!" ಎಂದು ಕಾವಲಿಗೆ ನಿಲ್ಲಿಸಿದ್ದ ಗೆಳೆಯ ಸೆಲ್ವ ಕೂಗಿದ. ತಡವಾಗಿತ್ತು. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಾನೂ ನನ್ನ ಹುಡುಗಿ ಶೋಭಾಳೂ ಮಾತಾಡುತ್ತ ನಿಂತಲ್ಲಿಗೇ ಅವಳಪ್ಪ ಬಂದುಬಿಟ್ಟಿದ್ದರು. ನನ್ನ ಕಾಲು ಗಡಗಡ ನಡುಗಿತು. ಅವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ನನ್ನ ಕೊರಳಿನ ಅಯ್ಯಪ್ಪನ ಮಾಲೆ ನೋಡಿದರು. ವ್ರತದಲ್ಲಿರುವವನು ದೇವರ ಸಮಾನವಲ್ಲವೇ! ಚಪ್ಪಲಿ ಬಿಟ್ಟು, ಆ ನಡುಗುವ ಕಾಲಿಗೇ ಬಗ್ಗಿ ನಮಸ್ಕಾರ ಮಾಡಿದರು.

ಎದ್ದು ಮೆಲ್ಲಗೆ ಅಂದರು: "ಮಾಲೆ ತೆಗ್ದ ಮ್ಯಾಲೆ ಮನೆತಾವ ಬನ್ನಿ ಸ್ವಾಮಿ, ಮಾತಾಡೋದೈತೆ. ಅವತ್ತು ಕಾಲಿಗೆ ಬೀಳಲ್ಲ."

ಶಬರಿಮಲೆಗೆ ಹೋಗಿ ಬಂದು ವಾರವಾಯಿತು, ನಾನಿನ್ನೂ ಮಾಲೆ ತೆಗೆದಿಲ್ಲ. ಶೋಭಾ ದಿನವೂ ಫೋನಿನಲ್ಲಿ ಬೈಯುತ್ತಾಳೆ. ಅಮ್ಮ ಮಾತ್ರ ನನ್ನ ಭಕ್ತಿಯನ್ನು ಗಣಿ ಕಾರ್ಮಿಕರ ಕಾಲೋನಿಯಾದ ನಮ್ಮ ನಂದಿದುರ್ಗ ಲೈನಿನ ಮನೆಮನೆಗೂ ಹೇಳಿಕೊಂಡು ಬರುತ್ತಿದ್ದಾಳೆ.