ಏಳು ಗೆಜ್ಜೆಯ ಕುದುರೆ

ಮೊನ್ನೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಲ್ಯಾಬಿಗೆ ಹೋಗಿದ್ದೆ. ರಕ್ತ ತೆಗೆಯುವ ಹುಡುಗಿ ಹತ್ತಿಗೆ ಸ್ಪಿರಿಟ್ ಹಚ್ಚಿ ತೋಳು ಒರೆಸಿದಳು. ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ, ಆ ವಾಸನೆ ಮಾತ್ರ ಮೂಗಿನಲ್ಲಿ ಹತ್ತಿ ಕೂತಿತು. "ಯಾಕ್ರೀ, ತಲಿ ತಿರಗಾಕತ್ತೇತೇನು?" ಎಂದು ಕೇಳಿದಳು. ತಲೆ ತಿರುಗಿರಲಿಲ್ಲ. ಕಾಕಾ ನೆನಪಾಗಿದ್ದರು...

ಕಾಕಾ ದಿನಾ ಬೆಳಿಗ್ಗೆ ನಮ್ಮ ಆಫೀಸಿನ ಫೋನುಗಳನ್ನೆಲ್ಲ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟುಕೊಂಡು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸುತ್ತಿದ್ದರು. ನಮ್ಮದು ಮೊಬೈಲಿನಲ್ಲಿ ಆಡುವ ಆಟಗಳನ್ನು ತಯಾರಿಸುವ ಕಂಪನಿ. ಹುಬ್ಬಳ್ಳಿಯವರಿಗೂ ದೂರವಾಗಬಾರದು, ಧಾರವಾಡದವರಿಗೂ ದೂರವಾಗಬಾರದು ಎಂದು ನವನಗರದಲ್ಲಿ ಒಂದು ಮನೆಯ ಮಹಡಿ ಹಿಡಿದಿದ್ದೆವು. ಕಂಪನಿಯ ಮಾಲೀಕರು ಹತ್ತಿ ವ್ಯಾಪಾರಿಗಳ ಮನೆತನದವರು. ನನಗಿಂತ ನಾಲ್ಕು ವರ್ಷ ಚಿಕ್ಕವರಾದರೂ ಎಲ್ಲರೂ ಅವರನ್ನು ಸಾವಕಾರರು ಎಂದೇ ಕರೆಯುತ್ತಿದ್ದೆವು. ಅವರಿಗೂ ಆ ಹೆಸರು ಒಳಗೊಳಗೇ ಸೇರುತ್ತಿತ್ತು ಅಂತ ನನ್ನ ಅನುಮಾನ.

ನಾನು ಅನುಮಾನದ ಮನುಷ್ಯ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತೇನೆ, ಓಣಿಯ ತಿರುವಿನಿಂದ ಮತ್ತೆ ಬಂದು ನಾಲ್ಕನೆಯ ಸಲ ಜಗ್ಗುತ್ತೇನೆ. ಕಾಯಿಪಲ್ಲೆಯವಳ ತಕ್ಕಡಿಯನ್ನು ನಾನು ನೋಡುವ ರೀತಿಗೆ ಹೆಂಡತಿ ನನ್ನನ್ನು ಸಂತೆಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟಳು. ಈ ಗುಣದಿಂದ ಒಂದು ಲಾಭವೂ ಇತ್ತು. ಪ್ರೋಗ್ರಾಂ ಬರೆಯುವವನಿಗೆ ತಾನು ಬರೆದದ್ದರ ಮೇಲೆ ಅನುಮಾನ ಇರಬೇಕು. ಕಂಪನಿಯಲ್ಲಿ ಪ್ರೋಗ್ರಾಂ ಪೂರ್ತಿ ಬಲ್ಲವನು ನಾನೊಬ್ಬನೇ.

ಮೊದಲ ಆಟ ಚೌಕಾಬಾರಾ. ಕವಡೆ ಅಲ್ಲಾಡಿಸಿದಂತೆ ಫೋನ್ ಅಲ್ಲಾಡಿಸಿದರೆ ಕವಡೆ ಬೀಳುತ್ತಿದ್ದವು. ನಾವೇ ನಂಬಲಾರದ ಹಾಗೆ ಅದು ಓಡಿತು. ಮದುವೆ ಮನೆಗಳಲ್ಲಿ ಅಜ್ಜಿಯಂದಿರು ಮೊಮ್ಮಕ್ಕಳ ಫೋನ್ ಕಸಿದುಕೊಂಡು ಆಡತೊಡಗಿದರು. ನಾಲ್ಕು ಮಂದಿ ಇದ್ದವರು ಹದಿನಾಲ್ಕು ಮಂದಿಯಾದೆವು, ಮಹಡಿ ಸಾಲದೆ ಕೆಳಗಿನ ಮನೆಯನ್ನೂ ಹಿಡಿದೆವು. ಆಗ ಸಾವಕಾರರು ಕೇಶ್ವಾಪುರದಿಂದ ಕಾಕಾನನ್ನು ಕರೆತಂದರು.

ಕಾಕಾ ಒಂದು ಕಾಲಕ್ಕೆ ಕೇಶ್ವಾಪುರದಲ್ಲಿ ನಾಣ್ಯ ಹಾಕಿ ಆಡುವ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದರು. ಐದು ಮಷೀನು. ಸಾವಕಾರರು ಸಾಲಿ ತಪ್ಪಿಸಿ ಆಡುತ್ತಿದ್ದದ್ದು ಅಲ್ಲೇ. ಮಷೀನು ಕೆಟ್ಟರೆ ಕಾಕಾ ತಾವೇ ಬಿಚ್ಚಿ ಸರಿಮಾಡುತ್ತಿದ್ದರಂತೆ. ಮೊಬೈಲ್ ಬಂದು ಅಂಗಡಿ ಮುಚ್ಚಿತು. ಅರವತ್ತು ದಾಟಿದ ಆ ಮನುಷ್ಯನಿಗೆ ನಮ್ಮಲ್ಲಿ ಕೊಟ್ಟ ಕೆಲಸ ಆಟ ಆಡುವುದು, ಆಡಿ ತಪ್ಪು ಹುಡುಕುವುದು. ನಾವು ಬರೆದದ್ದನ್ನು ಮುರಿಯುವುದಕ್ಕೆ ಸಂಬಳ ತೆಗೆದುಕೊಳ್ಳುವವರ ಮೇಲೆ ಮೊದಲ ದಿನವೇ ನನಗೆ ಒಂದು ಕಣ್ಣು.

ಅವರು ಆಡುವ ರೀತಿಯೇ ಬೇರೆ. ಕೈ ಒದ್ದೆ ಮಾಡಿಕೊಂಡು ಆಡುತ್ತಿದ್ದರು. ಮಿರ್ಚಿ ಭಜಿ ತಿಂದ ಎಣ್ಣೆ ಬೆರಳಿನಲ್ಲೇ ಆಡುತ್ತಿದ್ದರು. ಧಾರವಾಡದ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಒಂದೇ ಕೈಯಲ್ಲಿ ಆಡಿ, ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದರು. "ಮಂದಿ ನಿಮ್ಮಂಗ ಫ್ಯಾನಿನ ಕೆಳಗ ಕುಂತು ಆಡಂಗಿಲ್ಲಪಾ" ಎನ್ನುತ್ತಿದ್ದರು. ಒಂದು ತಪ್ಪು ಮೂರು ಸಲ ಕಾಣಿಸಿಕೊಳ್ಳುವ ತನಕ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಉದ್ದನೆಯ ನೋಟ್‌ಬುಕ್ಕಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು ವಾರಕ್ಕೊಮ್ಮೆ ನನ್ನ ಮುಂದೆ ಇಡುತ್ತಿದ್ದರು. ನಾನು ತಪ್ಪುಗಳ ಸಾಲುಗಳನ್ನಷ್ಟೇ ನೋಡಿ, ಮಿಕ್ಕದ್ದನ್ನು ಓದದೆ ವಾಪಸ್ ಕೊಡುತ್ತಿದ್ದೆ.

ಎರಡನೆಯ ಆಟ ಟಾಂಗಾ ಓಟ. ಹುಬ್ಬಳ್ಳಿಯಿಂದ ಧಾರವಾಡದವರೆಗೆ ಟಾಂಗಾ ಓಡಿಸುವುದು, ಗೆದ್ದಂತೆಲ್ಲ ಹೊಸ ಕುದುರೆ, ಹೊಸ ಟಾಂಗಾ ಕೂಡಿಸುವುದು. ಚೌಕಾಬಾರಾದ ಹುರುಪು ಇಳಿಯತೊಡಗಿತ್ತು, ಹದಿನಾಲ್ಕು ಮಂದಿಯ ಕಂಪನಿ ಈ ಕುದುರೆಯ ಬೆನ್ನ ಮೇಲೇ ನಿಂತಿತ್ತು. ಸಾವಕಾರರು ಎಲ್ಲರನ್ನೂ ಕೂಡಿಸಿ ಒಂದು ಮಾತು ಹೇಳಿದರು. ಬಿಡುಗಡೆಯ ತನಕ ಆಟ ಹೊರಗಿನವರ ಕೈಯಲ್ಲಿ ಆಫೀಸು ದಾಟಿ ಹೋಗಕೂಡದು. ಹೋದರೆ, ಯಾರಿಂದ ಹೋಯಿತೋ ಅವರು ಅವತ್ತೇ ಮನೆಗೆ. ಅವರ ಖಾಸಾ ತಮ್ಮನಾದರೂ ಅಷ್ಟೇ.

ನನಗೆ ಅಷ್ಟು ಸಾಲಲಿಲ್ಲ. ಪರೀಕ್ಷೆಗೆ ಇಟ್ಟ ಫೋನುಗಳೆಲ್ಲ ಒಂದೇ ಕಂಪನಿಯ ಕರಿ ಫೋನುಗಳು, ಒಬ್ಬೊಬ್ಬರಿಗೆ ಒಂದೊಂದು. ಯಾರಿಗೂ ಹೇಳದೆ ಪ್ರತಿ ಫೋನಿನಲ್ಲಿ ಕುದುರೆಯ ಕೊರಳ ಗೆಜ್ಜೆಗಳ ಸಂಖ್ಯೆ ಬದಲಿಸಿದೆ. ಸಾವಕಾರರ ಕುದುರೆಗೆ ಮೂರು ಗೆಜ್ಜೆ. ಬಂದವರಿಗೆ ತೋರಿಸಲೆಂದು ಇಟ್ಟ ಗೆಸ್ಟ್ ಫೋನಿಗೆ ಐದು. ಕಾಕಾನ ಕುದುರೆಗೆ ಏಳು. ಆಟ ಎಲ್ಲಿಂದಾದರೂ ಸೋರಿದರೆ ಗೆಜ್ಜೆ ಎಣಿಸಿ ಕಳ್ಳನನ್ನು ಹಿಡಿಯುವ ಉಪಾಯ. ಆ ಉಪಾಯದ ಬಗ್ಗೆ ನನಗೆ ಎಷ್ಟು ಹೆಮ್ಮೆ ಇತ್ತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ದಿನಗಳಲ್ಲಿ ಕಾಕಾ ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ ಫೋನ್ ಹಿಡಿದು ಕೆಳಗಿಳಿಯುತ್ತಿದ್ದರು. ಎದುರಿನ ಪಾನ್ ಅಂಗಡಿಯವನ ಹತ್ತಿರ ಏನೋ ಪಿಸುಗುಟ್ಟಿ, ಗೇಟಿನ ಬಳಿ ನಿಂತು ಫೋನ್ ಕಿವಿಗೆ ಹಚ್ಚುತ್ತಿದ್ದರು, ತೆಗೆಯುತ್ತಿದ್ದರು, ಮತ್ತೆ ಹಚ್ಚುತ್ತಿದ್ದರು. ಮಿಕ್ಕ ಯಾರ ಪರೀಕ್ಷೆಯ ಫೋನಿನಲ್ಲೂ ಸಿಮ್ ಇರಲಿಲ್ಲ. ಇವರದರಲ್ಲಿ ಮಾತ್ರ ಯಾಕೆ? ನಾನು ಕಿಟಕಿಯಿಂದ ನೋಡುತ್ತಿದ್ದೆ. ನೋಡಿ ನೋಡಿ ಮನಸ್ಸಿನಲ್ಲೇ ಒಂದು ಕತೆ ಕಟ್ಟಿಕೊಂಡೆ.

ಇದರ ನಡುವೆ ಪುಣೆಯಿಂದ ಒಬ್ಬ ಬಂದ. ಆಟಗಳನ್ನು ಬೇರೆ ಬೇರೆ ಭಾಷೆಗೆ ತಂದು ಬಿಡುಗಡೆ ಮಾಡಿಸುವ ಕಂಪನಿಯವನಂತೆ. ಸಾವಕಾರರು ಊರಲ್ಲಿರಲಿಲ್ಲ. ಕಾಕಾ ವಾಡಿಕೆಯಂತೆ ಫೋನ್ ಒರೆಸಿ, ಚಹಾದ ಟ್ರೇಯಲ್ಲಿ ಕಪ್ಪಿನ ಪಕ್ಕ ಇಟ್ಟು ತಂದರು. ಆತ ಅರ್ಧ ತಾಸು ಆಡಿದ. ಕುದುರೆ ಓಡುವ ಲಯ ಇಷ್ಟು ಸಹಜವಾಗಿ ಬರೆದವರು ಯಾರು ಎಂದು ಕೇಳಿದ. ಆ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಜೊತೆಗಾರ ಲಾಡ್ಜಿನಲ್ಲಿದ್ದಾನೆ, ಅವನಿಗೂ ತೋರಿಸಿ ಸಂಜೆಗೆ ಫೋನ್ ವಾಪಸ್ ಕೊಡುತ್ತೇನೆ ಎಂದ. ಬೀಗವನ್ನು ನಾಲ್ಕು ಸಲ ಜಗ್ಗುವ ನಾನು ತೆಗೆದುಕೊಂಡು ಹೋಗಿ ಎಂದುಬಿಟ್ಟೆ! ಸಂಜೆ ಆತ ಫೋನ್ ತಂದುಕೊಟ್ಟ. ಕಾಕಾ ಮನೆಗೆ ಹೋಗದೆ ಅದಕ್ಕಾಗಿ ಬಾಗಿಲಲ್ಲೇ ಕಾಯುತ್ತಿದ್ದರು. ಸಾವಕಾರರಿಗೆ ನಾನು ಈ ಮಾತು ಹೇಳಲೇ ಇಲ್ಲ.

ಎರಡು ತಿಂಗಳಿಗೆ ನಮ್ಮ ಟಾಂಗಾ ಬೇರೆಯವರ ಹೆಸರಿನಲ್ಲಿ ಬಂತು. ಹಾದಿಯ ಅದೇ ತಿರುವು, ಅದೇ ಕುದುರೆ, ಟಾಂಗಾದ ಬಣ್ಣವೊಂದು ಬೇರೆ. ನಾನು ಒಳಗೆ ಹೋಗಿ ಚಿತ್ರ ದೊಡ್ಡದು ಮಾಡಿ, ಗೆಜ್ಜೆ ಎಣಿಸಿದೆ. ಗೆಸ್ಟ್ ಫೋನಿನ ಐದು ಇದ್ದರೆ ನನ್ನ ಕತೆ ಮುಗಿದಂತೆ. ಏಳು ಇದ್ದವು. ಮುಚ್ಚಿಡುವುದೇಕೆ, ನನಗೆ ಖುಷಿಯಾಯಿತು. ಕಂಪನಿಯ ಮನೆಗೆ ಕನ್ನ ಬಿದ್ದ ದಿನ ನಾನು ಖುಷಿಪಟ್ಟೆ.

ಎಲ್ಲರ ಎದುರಿಗೆ ಗೆಜ್ಜೆಗಳ ಲೆಕ್ಕ ಬಿಚ್ಚಿಟ್ಟೆ. ನಾಲ್ಕು ಗಂಟೆಯ ಪಿಸುಮಾತು, ಸಿಮ್ಮು, ಪಾನ್ ಅಂಗಡಿ, ಒಂದನ್ನೂ ಬಿಡಲಿಲ್ಲ. ಕಾಕಾ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. ಆಮೇಲೆ ಸಾವಕಾರರ ಕಡೆ ತಿರುಗಿ, "ಹೌದ್ರಿ. ಅದು ನನ್ನ ಫೋನಿನಾಗಿಂದನ ಹೋಗೇತಿ" ಎಂದರು. ಸಾವಕಾರರು ಯಾಕೆ ಎಂದು ಕೇಳಿದರು. ನೋಟ್‌ಬುಕ್ಕನ್ನು ಕಾಕಾ ಟೇಬಲ್ಲಿನ ಮೇಲಿಟ್ಟು, "ಎಲ್ಲಾ ಇದರಾಗ ಬರದೇನಿ" ಎಂದು ನನಗೆ ಹೇಳಿ, ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿದರು. ಸಾವಕಾರರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣು ಅವರ ಡಬ್ಬಿಯ ಮೇಲಿತ್ತು, ಅದರಲ್ಲಿ ಇನ್ನೇನು ಒಯ್ಯುತ್ತಿದ್ದಾರೋ ಎಂದು.

ನೋಟ್‌ಬುಕ್ಕನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನಾಳೆ ಪೊಲೀಸರಿಗೆ ಸಾಕ್ಷಿಗೆ ಬೇಕಾದೀತು ಎಂಬ ಯೋಚನೆ. ಬಿಚ್ಚಿ ನೋಡಲಿಲ್ಲ. ಕಳ್ಳನ ಕೈಬರಹದಲ್ಲಿ ಓದುವುದು ಏನಿರುತ್ತದೆ?

ನಕಲಿ ಆಟ ಊರೆಲ್ಲ ಹರಡುವ ಮೊದಲು ನಮ್ಮದನ್ನು ಬಿಡಬೇಕಿತ್ತು. ದೀಪಾವಳಿಗೆ ಬಿಟ್ಟೆವು. ಚೌಕಾಬಾರಾದ ಹೆಸರಿನ ಮೇಲೆ ಮಂದಿ ಮುಗಿಬಿದ್ದು ಇಳಿಸಿಕೊಂಡರು. ಮೂರನೆಯ ದಿನ ಬೈಗುಳ ಶುರುವಾಯಿತು. ಗೆದ್ದ ಕುದುರೆಗಳು, ಕೂಡಿಸಿದ ಟಾಂಗಾಗಳು ಇದ್ದಕ್ಕಿದ್ದಂತೆ ಅಳಿಸಿಹೋಗಿ ಆಟ ಮೊದಲಿನಿಂದ ಶುರುವಾಗುತ್ತಿತ್ತು. ನಮ್ಮ ಫೋನುಗಳಲ್ಲಿ ಎಷ್ಟು ಆಡಿದರೂ ಆ ತಪ್ಪು ಕಾಣಿಸಲೊಲ್ಲದು. ಮೂರು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಓಟದ ನಡುವೆ ಯಾರದಾದರೂ ಕರೆ ಬಂದರೆ ಎಲ್ಲ ಅಳಿಸಿಹೋಗುತ್ತಿತ್ತು. ಸಿಮ್ ಇಲ್ಲದ ಫೋನಿಗೆ ಕರೆ ಎಲ್ಲಿಂದ ಬರಬೇಕು? ಸರಿಮಾಡುವಷ್ಟರಲ್ಲಿ ಮಂದಿ ಆಟ ತೆಗೆದುಹಾಕಿ ಆಗಿತ್ತು. ಯುಗಾದಿಯ ಹೊತ್ತಿಗೆ ನವನಗರದ ಬಾಗಿಲಿಗೆ 'ಬಾಡಿಗೆಗೆ ಇದೆ' ಎಂಬ ಬೋರ್ಡು ಬಿತ್ತು.

ಕೊನೆಯ ದಿನ ಕಪಾಟು ಖಾಲಿ ಮಾಡುವಾಗ ಆ ನೋಟ್‌ಬುಕ್ಕು ಕೈಗೆ ಬಂತು. ರದ್ದಿಗೆ ಹಾಕುವ ಮೊದಲು ಸುಮ್ಮನೆ ತಿರುವಿದೆ. ಕೊನೆಯ ಹಾಳೆಯಲ್ಲಿ ದುಂಡಗಿನ ಅಕ್ಷರಗಳು... 'ಓಟದಾಗ ಕರೆ ಬಂದ್ರ ಗೆದ್ದದ್ದೆಲ್ಲಾ ಅಳಿಸಿ ಹೋಗಾಕತ್ತೇತಿ. ಪಾನ್ ಅಂಗಡಿಯವನ ಕಡಿಂದ ದಿನಾ ನಾಕಕ್ಕ ಫೋನ್ ಮಾಡಿಸಿ ನೋಡೇನಿ. ಮೂರು ಸಲ ಆತು. ಇದನ್ನ ಮೊದಲ ಸರಿ ಮಾಡಬೇಕು.'

ಅದರ ಹಿಂದಿನ ಹಾಳೆಗಳನ್ನೂ ಓದಿದೆ, ನಿಂತ ಕಾಲಲ್ಲೇ. ಪುಣೆಯವನು ಬಂದ ವಾರದ ಹಾಳೆಯಲ್ಲಿ ಇನ್ನೊಂದು ಸಾಲಿತ್ತು. 'ಗೆಸ್ಟ್ ಫೋನಿನ ಬ್ಯಾಟರಿ ಉಬ್ಬಿ ಬಂದ್ ಬಿದ್ದೇತಿ. ಬಂದವರ ಮುಂದ ಇಲ್ಲ ಅನ್ನಬಾರದು. ನನ್ನ ಸಿಮ್ ತಗದು ನನ್ನ ಫೋನ್ ಇಟ್ಟು ಕೊಟ್ಟೇನಿ.'

ನಮ್ಮ ಮನೆಗಳಲ್ಲಿ ಬೀಗರು ಬಂದಾಗ ಸಕ್ಕರೆ ಮುಗಿದಿದ್ದರೆ ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಬಟ್ಟಲು ಹೋಗುತ್ತದೆ, ಬೀಗರಿಗೆ ಗೊತ್ತಾಗುವುದಿಲ್ಲ. ಕಾಕಾ ಅಷ್ಟೇ ಮಾಡಿದ್ದರು. ಪುಣೆಯವನ ಕೈಗೆ ನಾನು ಕೊಟ್ಟು ಕಳಿಸಿದ್ದು ಐದು ಗೆಜ್ಜೆಯ ಫೋನಲ್ಲ. ಅವತ್ತು ಸಂಜೆ ಬಾಗಿಲಲ್ಲಿ ಕಾದವರು ತಮ್ಮದೇ ಫೋನಿಗೆ ಕಾದಿದ್ದರು. ಎಲ್ಲರೆದುರು ನಾನು ಏಳು ಎಂದಾಗ, ಕಳ್ಳ ಯಾರೆಂದು ಆ ಕೋಣೆಯಲ್ಲಿ ತಿಳಿದವರು ಅವರೊಬ್ಬರೇ.

ಎರಡು ವರ್ಷ ನಾನು ಅವರ ಓಣಿಯತ್ತ ಹೋಗಲಿಲ್ಲ. ಬೈಯುತ್ತಾರೇನೋ ಎಂದು ಒಂದು ದಿನ, ಬೈಯದಿದ್ದರೆ ಏನು ಗತಿ ಎಂದು ಇನ್ನೊಂದು ದಿನ. ಕಾಯಿಲೆಯೆಂದು ಕೇಳಿ ಕೊನೆಗೂ ಹೋದೆ. ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಹಳ ಸೊರಗಿದ್ದರು. "ಬಾ ತಮ್ಮಾ, ಕುಂದರು" ಎಂದರು. ನಾನು ಕೂರಲಿಲ್ಲ. ಅವತ್ತು ಯಾಕ ಸುಮ್ಮನಿದ್ರಿ ಕಾಕಾ, ನನ್ನ ಹೆಸರು ಯಾಕ ಹೇಳಲಿಲ್ಲ ಎಂದು ಕೇಳಿಬಿಟ್ಟೆ.

"ನಾ ಹೋದ್ರ ಆಟಾ ಆಡಾವ್ರು ಭಾಳ ಮಂದಿ ಸಿಗತಾರ. ನೀ ಹೋದ್ರ ಅದನ್ನ ಮುಗಸಾವ್ರು ಯಾರಿದ್ರು? ಅಷ್ಟು ಮಂದೀದು ಅನ್ನ ಅದು." ಸ್ವಲ್ಪ ಹೊತ್ತು ಉಸಿರು ತಗೊಂಡರು. "ಮತ್ತ ನಾ ಸುಮ್ಮನ ಏನ್ ಹೋಗಿರಲಿಲ್ಲ. ಎಲ್ಲಾ ಬರದಿಟ್ಟ ಹೋಗಿದ್ದೆ. ಕಡೀ ಹಾಳಿ ಓದಿದಿಲ್ಲೋ?"

"ಓದೇನಿ ಕಾಕಾ."

"ಸರಿ ಮಾಡಿದಿ?"

"ಮಾಡೇನಿ."

ಎರಡೂ ಖರೇ. ಓದಿದ್ದೂ ಖರೇ, ಸರಿಮಾಡಿದ್ದೂ ಖರೇ, ಯಾವಾಗ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ. ಇಂಥ ಖರೇ ಮಾತನ್ನು ಆಡುವುದನ್ನು ನಾನು ಅವರಿಂದಲೇ ಕಲಿತಿದ್ದೆ... ಕಾಕಾ ತಲೆಯಾಡಿಸಿದರು. "ಹಂಗಾರ ಆತು ಬಿಡು" ಎಂದು ಸೊಸೆಗೆ ಚಹಾ ಮಾಡಲು ಹೇಳಿದರು. ನಾನೂ ಕೂತೆ. ಅವರ ಮೊಮ್ಮಗಳ ಸಾಲಿ, ಊರಲ್ಲಿ ಆಗುತ್ತಿದ್ದ ರಸ್ತೆಯ ಕೆಲಸ, ನನ್ನ ಹೆಂಡತಿಯ ಆರೋಗ್ಯ, ಎಲ್ಲ ಮಾತಾಡಿದೆವು. ಚಹಾ ಕುಡಿದು ಕಾಲಿಗೆ ನಮಸ್ಕಾರ ಮಾಡಿ ಬಂದೆ.

ಮುಂದಿನ ತಿಂಗಳು ಅವರು ತೀರಿಕೊಂಡರು. ನಾನೀಗ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟಾಕಿನ ಲೆಕ್ಕ ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿದ್ದೇನೆ. ನಮ್ಮ ಕಡೆ ವರ್ಷಗಟ್ಟಲೆ ನೋಡದವರು ಎದುರಿಗೆ ಬಂದರೆ ಎರಡನೆಯ ಮಾತಿಗೇ ಕೇಳುತ್ತಾರೆ, ಈಗ ಎಲ್ಲಿದ್ದಿ, ಏನು ಮಾಡಾಕತ್ತಿ ಎಂದು. ಲ್ಯಾಬಿನಲ್ಲಿ ರಕ್ತ ತೆಗೆಯುವವಳೂ ಕೇಳಿದಳು. ಆ ಹೊರಸಿನ ಹತ್ತಿರ ಅವತ್ತು ಒಂದು ತಾಸು ಎದುರು ಬದುರು ಕೂತರೂ, ನನ್ನ ಹೆಂಡತಿ ಮಕ್ಕಳನ್ನೆಲ್ಲ ವಿಚಾರಿಸಿದರೂ, ಕಾಕಾ ಅದೊಂದನ್ನು ಮಾತ್ರ ಕೇಳಲಿಲ್ಲ.