ಗುರುವಿನ ಕಾಲಿಗೆ ಕತ್ತಿ ಇಡದ ಶಿಷ್ಯೆ

ನಮ್ಮ ಯಾಂಗ್‌ಜೌ ಊರು ಮೂರು ಕತ್ತಿಗಳಿಗೆ ಹೆಸರುವಾಸಿ: ಅಡುಗೆಯವರ ಕತ್ತಿ, ಕ್ಷೌರದವರ ಕತ್ತಿ, ಕಾಲಿನ ಜಡ್ಡು ಹೆರೆಯುವವರ ಕತ್ತಿ. ಮೊದಲೆರಡರ ಬಗ್ಗೆ ಜಂಬ ಕೊಚ್ಚುವವರು ಬೇಕಾದಷ್ಟು ಜನ ಇದ್ದಾರೆ, ಕೊಚ್ಚಿಕೊಳ್ಳಲಿ. ನಾನು ಹೇಳುವುದು ಮೂರನೆಯದರ ಬಗ್ಗೆ, ಅದರಲ್ಲೂ ನಮ್ಮ ಶೆನ್ ಯೂಲಿಯನ್ ಬಗ್ಗೆ. ಅವಳ ಮಾತು ಬಂದರೆ ನನ್ನ ದನಿ ತಾನಾಗಿ ಏರುತ್ತದೆ. ಏರಲಿ ಬಿಡಿ, ಯಾರಪ್ಪನ ಗಂಟು ಹೋಗುತ್ತದೆ?

ನಾನು ಫಾಂಗ್. ಬಿಸಿನೀರಿನ ಕೊಳದ ಮನೆಯೊಂದರಲ್ಲಿ, ಕಾಲು ನೋಡುವ ಹಜಾರದ ದುಡ್ಡಿನ ಗಲ್ಲೆಯ ಮೇಲೆ ಕೂರುವವಳು. ಚಹಾ ಬಸಿಯುವುದು, ಟವೆಲ್ ಕೊಡುವುದು, ಮುದುಕರ ಜಗಳ ಬಿಡಿಸುವುದು ಎಲ್ಲ ನನ್ನ ತಲೆಗೇ. ನಮ್ಮೂರಿನ ಗಂಡಸರಿಗೆ ಬೆಳಿಗ್ಗೆ ಹೊಟ್ಟೆಯೊಳಗೆ ನೀರು ಬೇಕು, ಸಂಜೆ ನೀರೊಳಗೆ ಹೊಟ್ಟೆ ಬೇಕು. ಬೆಳಗಿನ ಚಹಾ ಮುಗಿಸಿ, ಸಂಜೆ ಕೊಳದಲ್ಲಿ ಮುಳುಗೆದ್ದು, ಮೆತ್ತಗಾದ ಕಾಲು ಎಳೆದುಕೊಂಡು ನಮ್ಮ ಹಜಾರಕ್ಕೆ ಬರುತ್ತಾರೆ.

ಹೊಸಬರು ಬಂದರೆ ನೋಡಬೇಕು, ಕಟುಕನ ಅಂಗಡಿಗೆ ಬಂದ ಕುರಿಯ ಹಾಗೆ ಕಣ್ಣು ಕಣ್ಣು ಬಿಡುತ್ತಾರೆ. ಯೂಲಿಯನ್ ಮೊದಲು ಕತ್ತಿಯನ್ನೇ ಮುಟ್ಟುವುದಿಲ್ಲ. ಅವರ ಬೂಟು ಎತ್ತಿ, ತಿರುಗಿಸಿ, ಅಟ್ಟೆ ಯಾವ ಕಡೆ ಸವೆದಿದೆ ನೋಡುತ್ತಾಳೆ. ಆಮೇಲೆ ಕುಳ್ಳ ಸ್ಟೂಲಿನ ಮೇಲೆ ಕೂತು, ಮೊಣಕಾಲಿಗೆ ಬಿಳಿ ಬಟ್ಟೆ ಹಾಸಿ, ಪಾದವನ್ನು ಅದರ ಮೇಲಿಟ್ಟುಕೊಂಡು ದೀಪ ಹತ್ತಿರಕ್ಕೆ ಎಳೆಯುತ್ತಾಳೆ. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ, ರಾತ್ರಿ ಕಾಲು ಉರಿಯುತ್ತದಾ ಎಂದು ವಿಚಾರಿಸುತ್ತಾಳೆ. ಬೆರಳು ಬೆರಳು ಒತ್ತುತ್ತಾಳೆ.

"ಅಕ್ಕಾ, ನಾಚಿಕೆ ಆಗುತ್ತೆ, ಕಾಲು ವಾಸನೆ ಹೊಡಿಯುತ್ತೆ," ಎಂದು ಒಬ್ಬ ಲಾರಿ ಡ್ರೈವರ್ ಮುದುಡಿಕೊಂಡಿದ್ದ.

"ಮಲ್ಲಿಗೆ ವಾಸನೆ ಬಂದಿದ್ರೆ ನೀನು ನನ್ನ ಹತ್ರ ಯಾಕಪ್ಪ ಬರ್ತಿದ್ದೆ? ಚಹಾ ಕುಡಿ. ಕಾಲಿನ ಚಿಂತೆ ನನಗೆ ಬಿಡು."

ಅವನು ಚಹಾ ಮುಗಿಸುವಷ್ಟರಲ್ಲಿ ನಿದ್ದೆ ಹೋಗಿದ್ದ. ಅವಳ ಉಳಿಯಂಥ ಸಣ್ಣ ಕತ್ತಿ ಜಡ್ಡನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಎಬ್ಬಿಸುತ್ತದೆ, ಆಣಿಯನ್ನು ಬೇರುಸಹಿತ ತೆಗೆಯುತ್ತದೆ, ಒಂದು ಹನಿ ರಕ್ತ ಕಾಣಿಸುವುದಿಲ್ಲ. ಕುಂಟುತ್ತಾ ಬಂದವರು ಹೋಗುವಾಗ ನೆಲವನ್ನು ಒದ್ದು ಒದ್ದು ನೋಡುತ್ತಾರೆ. ಅವಳಿಗೂ ತನ್ನ ಕೈಯ ಬಗ್ಗೆ ಗೊತ್ತು, ಸುಳ್ಳು ವಿನಯ ಇಲ್ಲ. "ಈ ಊರಲ್ಲಿ ನನ್ನಂಥ ಕೈ ಇನ್ನೊಂದು ಇದ್ರೆ ಅದು ನನ್ನ ಗುರುಗಳದ್ದು," ಎನ್ನುತ್ತಾಳೆ.

ಆ ಗುರು ಎಂದರೆ ದಿಂಗ್ ಚಾಂಗ್‌ಗೆನ್. ಹಜಾರದ ಬಾಗಿಲ ಮೇಲಿನ ಮರದ ಬೋರ್ಡಿನಲ್ಲಿ ಈ ಕಥೆ ನಡೆದಾಗ ಇದ್ದದ್ದು ಅವರ ಹೆಸರು, ಅವರಿಗಿಂತ ಮೊದಲು ಇದ್ದದ್ದು ಅವರ ಗುರುವಿನ ಹೆಸರು. ಯೂಲಿಯನ್ ಹುಡುಗಿಯಾಗಿದ್ದಾಗ ಕಲಿಯಲು ಬಂದರೆ, "ಹೆಂಗಸಿಗೆ ಯಾಕೆ ಈ ಕತ್ತಿ?" ಎಂದು ಅವರು ಬಾಗಿಲಿನಿಂದಲೇ ಅಟ್ಟಿದ್ದರು. ಅವಳು ಹೋಗಲಿಲ್ಲ. ಚಾಪ್‌ಸ್ಟಿಕ್ಕಿನ ತುದಿ ಹೆರೆದು ಹೆರೆದು ಕೈ ಪಳಗಿಸಿಕೊಂಡಳು, ಕೊನೆಗೆ ಅವರೇ ಕತ್ತಿ ಕೊಟ್ಟರು, ಅವಳ ತಲೆಯಲ್ಲೂ ಬಿಳಿಕೂದಲು ಬಂತು. ಆದರೂ ಗುರುಗಳ ಬಾಯಿಂದ ಒಂದು ಭೇಷ್ ಎಂಬ ಮಾತು ಬಂದಿರಲಿಲ್ಲ. ಹೊಗಳಿಕೆಯೆಲ್ಲ ಅವಳಿಗಿಂತ ಕಿರಿಯ ಶಿಷ್ಯ ಜಿಯಾಂಗ್‌ಗೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಗುರುವಿಗೆ ಎಪ್ಪತ್ತು ತುಂಬಿದ ದಿನ ಹಿರಿಯ ಶಿಷ್ಯರು ಹತ್ತು ಜನರ ಎದುರು ಅವರ ಕಾಲು ಹೆರೆಯಬೇಕು. ಗುರು ಎದ್ದು ನಿಂತು, ನಡೆದು, ತಲೆದೂಗಿದರೆ ಬೋರ್ಡಿಗೆ ಆ ಶಿಷ್ಯರ ಹೆಸರು ಬರುತ್ತದೆ. ಯೂಲಿಯನ್ ಬದುಕಿದ್ದೇ ಆ ದಿನಕ್ಕಾಗಿ ಎಂದರೂ ತಪ್ಪಿಲ್ಲ.

ದಿಂಗ್ ಗುರುಗಳಿಗೆ ಇನ್ನೊಂದು ಜಂಬವೂ ಇತ್ತು. ನಮ್ಮಲ್ಲಿ ಮೂರು ಕೊಳಗಳಿವೆ, ಮೂರನೆಯದರ ಸುಡುನೀರಿಗೆ ಕಾಲಿಟ್ಟವರು ಹಾರಿಬೀಳುತ್ತಾರೆ. ಎಪ್ಪತ್ತು ತುಂಬಲಿದ್ದ ಆ ವರ್ಷ ಗುರುಗಳು ಅದರಲ್ಲಿ ಕೂತು, "ನನ್ನ ಕಾಲಿಗೆ ಬಿಸಿ ತಾಗೋದೇ ಇಲ್ಲ ಕಣ್ರೋ! ನೀವೂ ಗಂಡಸ್ರಾ?" ಎಂದು ಗೇಲಿ ಮಾಡುತ್ತಿದ್ದರು. ಉಳಿದ ಮುದುಕರು ಚಪ್ಪಾಳೆ ತಟ್ಟುತ್ತಿದ್ದರು. ಎಂಥ ದಡ್ಡ ಜನ!

ಹುಟ್ಟುಹಬ್ಬದ ದಿನ ಊರಿನ ಹಿರಿಯ ಕತ್ತಿಯವರೆಲ್ಲ ಹಜಾರದಲ್ಲಿ ಸೇರಿದ್ದರು. ದೀರ್ಘಾಯುಷ್ಯಕ್ಕೆಂದು ತಿನ್ನುವ ಉದ್ದನೆಯ ಸೇವಿಗೆ ಒಳಗೆ ಬೇಯುತ್ತಿತ್ತು. ಗುರುಗಳು ಮೂರನೆಯ ಕೊಳದಿಂದ ಎದ್ದು ಬಂದು, ಕುರ್ಚಿಯಲ್ಲಿ ಒರಗಿ, ಎಡಗಾಲು ಚಾಚಿದರು. ಯೂಲಿಯನ್ ಅದನ್ನು ಮೊಣಕಾಲ ಮೇಲಿಟ್ಟುಕೊಂಡು ದೀಪ ಎಳೆದಳು.

ಹೆಬ್ಬೆರಳ ಬುಡದಲ್ಲಿ ದಪ್ಪನೆಯ ಜಡ್ಡು, ಅದರ ನಡುವೆ ಕಪ್ಪು ಕಲೆ. ಪಾದದ ಮೇಲೆ ನೀರು ಸುಟ್ಟ ಬೊಬ್ಬೆ. ಅವಳು ಕತ್ತಿ ಎತ್ತಲಿಲ್ಲ. ಜಡ್ಡಿನ ಪುಡಿ ಗುಡಿಸುವ ಮೆತ್ತನೆಯ ಕುಂಚ ತೆಗೆದುಕೊಂಡಳು.

"ಗುರುಗಳೇ, ಕಣ್ಣು ಮುಚ್ಕೊಳ್ಳಿ. ಯಾವ ಬೆರಳು ಮುಟ್ತೀನೋ ಹೇಳಿ."

"ಇದೇನೇ ಮಕ್ಕಳಾಟ? ಸರಿ, ಮುಟ್ಟು."

ಅವಳು ಹೆಬ್ಬೆರಳು ಸವರಿದಳು, ಪಕ್ಕದ್ದನ್ನು ಸವರಿದಳು, ಅಂಗಾಲು ಪೂರ್ತಿ ಸವರಿದಳು. ಎಲ್ಲರೂ ನೋಡುತ್ತಿದ್ದೆವು. ಕಣ್ಣು ಮುಚ್ಚಿಯೇ ಗುರುಗಳು ಗದರಿದರು: "ಮುಟ್ಟೇ ಬೇಗ! ಸೇವಿಗೆ ಆರಿಹೋಗುತ್ತೆ!"

ಯೂಲಿಯನ್ ಕುಂಚ ಕೆಳಗಿಟ್ಟಳು. "ನಾನು ಈ ಕಾಲಿಗೆ ಕತ್ತಿ ಇಡಲ್ಲ. ಇದು ಮರಗಟ್ಟಿದೆ. ಸಕ್ಕರೆ ಕಾಯಿಲೆ ಇದ್ದಂಗಿದೆ. ಜಡ್ಡಿನ ಕೆಳಗೆ ಹುಣ್ಣಿದೆ. ಆಸ್ಪತ್ರೆಗೆ ಹೋಗೋಣ, ಏಳಿ."

ಗುರುಗಳ ಮುಖ ಬೇಯಿಸಿದ ಏಡಿಯಂತೆ ಕೆಂಪಾಯಿತು. "ಗುರುವಿಗೇ ತಿರುಮಂತ್ರನಾ? ಕೈ ನಡುಗ್ತು ಅಂತ ಒಪ್ಕೋ! ಹೆಂಗಸಿಗೆ ಕತ್ತಿ ಕೊಟ್ಟಿದ್ದೇ ನನ್ನ ತಪ್ಪು. ಜಿಯಾಂಗ್, ಬಾರೋ ಇಲ್ಲಿ, ನೀನು ಹೆರಿ. ಬೋರ್ಡು ನಿಂದೇ."

ಜಿಯಾಂಗ್ ಕತ್ತಿ ಹಿಡಿದು ಬಂದ. ಅವನನ್ನೇನೂ ಬೈಯುವುದಿಲ್ಲ, ಗುರು ಕರೆದರೆ ಯಾರು ತಾನೆ ಬರುವುದಿಲ್ಲ? ಯೂಲಿಯನ್ ಸ್ಟೂಲು ಬಿಟ್ಟೇಳಲಿಲ್ಲ. ಆ ಜಡ್ಡನ್ನು ತನ್ನ ಎರಡೂ ಅಂಗೈಯಿಂದ ಮುಚ್ಚಿ ಹಿಡಿದಳು.

"ಬೋರ್ಡು ತಗೋ ತಮ್ಮಾ, ನಂದೇನೂ ತಕರಾರಿಲ್ಲ. ಈ ಕಾಲಿಗೆ ಕತ್ತಿ ಇಡ್ಬೇಕು ಅಂದ್ರೆ ಮೊದ್ಲು ನನ್ನ ಕೈ ಕುಯ್ಯಿ."

ಜಿಯಾಂಗ್ ಹಿಂದೆ ಸರಿದ. ನಾನು ಗಲ್ಲೆಯಿಂದ ಇಳಿದು ಬಂದು, "ಅಜ್ಜಾ, ಸಿಟ್ಟಲ್ಲಿ ಕುಯ್ಕೊಂಡ ಮೂಗು ಶಾಂತ ಆದ್ಮೇಲೆ ಬರಲ್ಲ. ಟ್ಯಾಕ್ಸಿ ಕರೀತಾ ಇದೀನಿ, ಏಳ್ತೀರಾ, ಹೊತ್ಕೊಂಡು ಹೋಗ್ಲಾ?" ಎಂದು ಕೂಗಿದೆ. ನನ್ನ ತೋಳು ನೋಡಿ ಎದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ನೈಲಾನ್ ಎಳೆಯಿಂದ ಅದೇ ಪರೀಕ್ಷೆ ಮಾಡಿದರು. ರಕ್ತದಲ್ಲಿ ಸಕ್ಕರೆ ವಿಪರೀತ ಏರಿತ್ತು. ಜಡ್ಡು ಬಿಡಿಸಿದಾಗ ಒಳಗೆಲ್ಲ ಕೀವು, ಪುಣ್ಯಕ್ಕೆ ಮೂಳೆಗೆ ಹತ್ತಿರಲಿಲ್ಲ. "ಅಲ್ಲೇ ಹೆರೆಸ್ಕೊಂಡು ಮತ್ತೆ ಕೊಳಕ್ಕೆ ಇಳಿದಿದ್ರೆ ಕಾಲು ತೆಗೀಬೇಕಾಗ್ತಿತ್ತು. ಸರಿಯಾದ ಹೊತ್ತಿಗೆ ಕರ್ಕೊಂಡು ಬಂದಿದೀರಮ್ಮ," ಎಂದರು ಡಾಕ್ಟರು. ಗುರುಗಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

ಚಳಿಗಾಲ ಪೂರ್ತಿ ಅವರು ಇತ್ತ ಸುಳಿಯಲಿಲ್ಲ. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಯೂಲಿಯನ್ ಕೈ ನಡುಗಿತಂತೆ, ಎಪ್ಪತ್ತರ ದಿನವೇ ಗುರುವಿಗೆ ಅವಮಾನ ಮಾಡಿದಳಂತೆ. ಕೆಲವು ಹಳೆಯ ಗಿರಾಕಿಗಳು ಜಿಯಾಂಗ್ ಕಡೆ ತಿರುಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಉರ್ಕೋಬೇಡ ಫಾಂಗ್ ಅಕ್ಕಾ," ಎಂದಳು ಯೂಲಿಯನ್. "ಗುರುಗಳ ಕಾಲು ಉಳೀತಲ್ಲ, ಇನ್ನೇನು ಬೇಕು?"

"ಬೋರ್ಡು ಬೇಕು ಕಣೇ! ನಿಂಗೆ ಬೇಡ್ವಾ?"

"ಬೇಕು," ಎಂದವಳೇ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನಾನೂ ಅತ್ತೆ.

ವಸಂತ ಬಂದು ವಿಲೋ ಮರಗಳು ಚಿಗುರಿದಾಗ ದಿಂಗ್ ಗುರುಗಳಿಂದ ಹಿರಿಯರಿಗೆಲ್ಲ ಕರೆ ಹೋಯಿತು: ಅವತ್ತು ತಿನ್ನದೆ ಬಿಟ್ಟ ಸೇವಿಗೆ ತಿನ್ನೋಣ ಬನ್ನಿ. ಜಿಯಾಂಗ್‌ಗೆ ಬೋರ್ಡು ಕೊಡುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಅವನೂ ಹೊಸ ಅಂಗಿ ತೊಟ್ಟು ಬಂದ.

ಗುರುಗಳು ಊರುಗೋಲು ಹಿಡಿದು, ತಮ್ಮೆರಡೂ ಕಾಲಿನ ಮೇಲೆ ನಡೆದು ಬಂದರು. ಕುರ್ಚಿಯ ಹತ್ತಿರ ಬಂದರೂ ಕೂರಲಿಲ್ಲ. ಊರುಗೋಲು ಗೋಡೆಗೆ ಒರಗಿಸಿ, ಏದುಸಿರು ಬಿಡುತ್ತಾ ಆ ಕುಳ್ಳ ಸ್ಟೂಲಿನ ಮೇಲೆ ಕೂತರು. ಮೊಣಕಾಲಿಗೆ ಬಿಳಿ ಬಟ್ಟೆ ಹಾಸಿಕೊಂಡರು.

"ಯೂಲಿಯನ್, ಕುರ್ಚಿ ಮೇಲೆ ಕೂತ್ಕೋ. ಸಾಕ್ಸ್ ಬಿಚ್ಚು."

ಶಿಷ್ಯರ ಕಾಲನ್ನು ಗುರು ಮಡಿಲಿಗೆ ತೆಗೆದುಕೊಳ್ಳುವುದೇ? ನಮ್ಮ ಕಸುಬಿನಲ್ಲಿ ಯಾರೂ ಕಂಡಿಲ್ಲ, ಕೇಳಿಲ್ಲ. ಹಿರಿಯರೆಲ್ಲ ಎದ್ದು ನಿಂತರು. ಯೂಲಿಯನ್ ಎರಡು ಹೆಜ್ಜೆ ಹಿಂದೆ ಹೋದಳು.

"ಬೇಡಿ ಗುರುಗಳೇ! ನಿಮ್ಮ ಕೈಲಿ ಕಾಲು ಹಿಡಿಸ್ಕೊಂಡ್ರೆ ನನ್ನ ಆಯುಸ್ಸು ಕಮ್ಮಿ ಆಗುತ್ತೆ."

"ಕಮ್ಮಿ ಆದಷ್ಟು ನನ್ನ ಆಯುಸ್ಸಲ್ಲಿ ತಗೋ," ಎಂದರು ಗುರುಗಳು. "ಅದು ನೀನು ಉಳಿಸಿ ಕೊಟ್ಟಿದ್ದೇ." ಆಮೇಲೆ ಹಿರಿಯರ ಕಡೆ ತಿರುಗಿ, "ಈ ಊರಿನ ಎಷ್ಟೋ ದೊಡ್ಡ ಮನುಷ್ಯರ ಕಾಲು ಹೆರೆದೆ ಅಂತ ನಾವೆಲ್ಲ ಜಂಬ ಪಡ್ತೀವಿ. ನನ್ನ ಶಿಷ್ಯೆ ಒಂದು ಕಾಲು ಹೆರೀಲಿಲ್ಲ, ಅದಕ್ಕೇ ನಾನು ನಡ್ಕೊಂಡು ಬಂದೆ. ಬೋರ್ಡಿಗೆ ಯಾರ ಹೆಸರು ಅಂತ ಇನ್ನೂ ಬಾಯಿ ಬಿಟ್ಟು ಹೇಳ್ಬೇಕಾ?"

ಯೂಲಿಯನ್ ಸಾಕ್ಸ್ ಬಿಚ್ಚಿ ಕುರ್ಚಿಯ ತುದಿಯಲ್ಲಿ ಕೂತಳು. ಗುರುಗಳು ಅವಳ ಪಾದವನ್ನು ಮಡಿಲಿಗೆ ತೆಗೆದುಕೊಂಡು ದೀಪ ಎಳೆದರು. ಹಿಮ್ಮಡಿ ತುಂಬ ಬಿರುಕು.

"ಊರವರ ಕಾಲೆಲ್ಲ ನೋಡ್ತೀಯ, ನಿಂದು ನೋಡ್ಕೊಳ್ಳೋಕೆ ಆಗಲ್ವೇನೇ?" ಎಂದು ಬೈಯುತ್ತಲೇ ಗುರುಗಳು ಕತ್ತಿ ಕೈಗೆತ್ತಿಕೊಂಡರು.